ಹದಿನಾಲ್ಕು ತಿಂಗಳ ಪುಡಿ

ನನ್ನ ಕೆಲಸ ಏನು ಎಂದು ಬಾಬಾಯಿ ಒಂದೇ ಒಂದು ಸಲ ಕೇಳಿದ್ದರು. ನಾನು ಸರಿಯಾದ ಉತ್ತರವನ್ನೇ ಹೇಳಿದ್ದೆ. ಅವತ್ತು ಸುಮ್ಮನೆ ನಕ್ಕು ಮಾತು ಬದಲಿಸಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಬಾಬಾಯಿ ಎಂದರೆ ನನ್ನ ಚಿಕ್ಕಮ್ಮನ ಗಂಡ. ಚಿಕ್ಕಮ್ಮ ದಾವಣಗೆರೆಯವಳು. ಮದುವೆಯಾಗಿ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ ಸೇರಿ ಮೂವತ್ತು ವರ್ಷದ ಮೇಲಾಗಿತ್ತು. ಅವರು ತೆಲುಗಿನವರಾದ್ದರಿಂದ ಅಲ್ಲಿಯ ಮಕ್ಕಳು ಕರೆಯುವ ಹಾಗೆ ನಾನೂ ಅವರನ್ನು ಬಾಬಾಯಿ ಎಂದೇ ಕರೆಯುತ್ತಿದ್ದೆ. ಬಸ್ ಡ್ರೈವರ್ ಆಗಿದ್ದವರು. ಕ್ಲಚ್ ಒತ್ತಿ ಒತ್ತಿ ಎಡಮಂಡಿ ಸವೆದುಹೋಗಿತ್ತು. ನಿವೃತ್ತರಾದ ಮೇಲೆ ಮನೆಯ ಮುಂದಿನ ಕಟ್ಟೆಯ ಮೇಲೆ ಎಡಗಾಲು ಚಾಚಿ ಕೂತು, ಹೋಗಿ ಬರುವ ಬಸ್ಸುಗಳ ಗೇರಿನ ಸದ್ದು ಕೇಳಿ ಡ್ರೈವರನನ್ನು ಬೈಯುವುದು ಅವರ ಕೆಲಸ. ಮಕ್ಕಳಿರಲಿಲ್ಲ. ನಾನು ಸಂಶೋಧನೆಗೆಂದು ವಿಶಾಖಪಟ್ಟಣಕ್ಕೆ ಬಂದು, ಆಮೇಲೆ ಅಚ್ಯುತಾಪುರಂನ ಒಂದು ಔಷಧಿ ಕಾರ್ಖಾನೆಯ ಪ್ರಯೋಗಾಲಯ ಸೇರಿದಾಗ, ಎರಡು ದಿನ ರಜೆ ಸಿಕ್ಕರೆ ರೈಲು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು.

"ಏನಮ್ಮಾ ಸೈಂಟಿಸ್ಟು, ದಿನಾ ಅಷ್ಟು ದೂರ ಬಸ್ಸಲ್ಲಿ ಹೋಗಿ ಏನು ಮಾಡ್ತಾವ್?" ಎಂದರು. ಅವರ ಕನ್ನಡ ಚಿಕ್ಕಮ್ಮನಿಂದ ಕಲಿತದ್ದು. ಕ್ರಿಯಾಪದದ ಹತ್ತಿರ ಬಂದಾಗ ತೆಲುಗಿಗೆ ಜಾರುತ್ತಿತ್ತು.

"ಮಾತ್ರೆ ಪರೀಕ್ಷೆ ಮಾಡ್ತೀವಿ."

"ತಿಂದು ನೋಡ್ತೀರಾ?"

"ತಿಂದು ನೋಡೋಕೆ ನೀವಿದ್ದೀರಲ್ಲ, ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕ್ಕೊಳ್ಳೋರು" ಎಂದಳು ಚಿಕ್ಕಮ್ಮ ಸೌಟು ಹಿಡಿದುಕೊಂಡು.

ನಾನು ಕೆಲಸದ ಬಗ್ಗೆ ಮನೆಯಲ್ಲಿ ಮಾತಾಡುವವಳಲ್ಲ. ಆದರೆ ಅವತ್ತು ಇಬ್ಬರೂ ನಿಜವಾಗಿ ಕಾಯುತ್ತಿದ್ದರು. ಇಪ್ಪತ್ತು ಮಾತ್ರೆ ತೆಗೆದುಕೊಂಡು, ತೂಗಿ, ನುಣ್ಣಗೆ ಪುಡಿ ಮಾಡಿ, ಚೆನ್ನಾಗಿ ಬೆರೆಸಿ, ಅದರಲ್ಲಿ ಚೂರು ತೆಗೆದು ಪರೀಕ್ಷೆಗೆ ಹಾಕುತ್ತೇವೆ ಎಂದೆ. ಒಂದೊಂದೇ ಮಾತ್ರೆ ನೋಡಿದರೆ ಒಂದರಲ್ಲಿ ಹೆಚ್ಚು ಒಂದರಲ್ಲಿ ಕಡಿಮೆ ಇದ್ದು ಮೋಸ ಹೋಗಬಹುದು. ಬೆರೆಸುವುದೇ ಮುಖ್ಯ ಎಂದೆ.

"ನಮ್ಮ ಸಾರಿನ ಪುಡಿ ಹಂಗೇ ಅನ್ನು" ಎಂದಳು ಚಿಕ್ಕಮ್ಮ. ಅವಳಿಗೆ ಅದು ಬಹಳ ಹಿಡಿಸಿತ್ತು.

"ಹೌದು ಚಿಕ್ಕಮ್ಮ, ಹಾಗೇ."

ನಾನು ಹೇಳದೆ ಬಿಟ್ಟದ್ದು ಒಂದಿತ್ತು. ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ನಾನು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ ಕೆಲಸ. ಬೆರೆತದ್ದನ್ನು ಲೆಕ್ಕದಿಂದ ಬಿಡಿಸುವುದು.

ಒಂದು ದ್ರಾವಣದ ಮೂಲಕ ಬೆಳಕು ಹಾಯಿಸಿದರೆ, ಯಾವ ಬಣ್ಣದ ಬೆಳಕನ್ನು ಅದು ಎಷ್ಟು ನುಂಗಿತು ಎಂಬುದು ಒಂದು ಏರಿಳಿತದ ಗೆರೆಯಾಗಿ ಬರುತ್ತದೆ. ದ್ರಾವಣದಲ್ಲಿ ನಾಲ್ಕು ವಸ್ತುಗಳಿದ್ದರೆ ನಾಲ್ಕರ ಗೆರೆಗಳೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿ ಕಾಣುತ್ತವೆ. ಒಳಗೆ ಏನೇನಿದೆ ಎಂದು ಮೊದಲೇ ಗೊತ್ತಿಲ್ಲದಿದ್ದರೂ ಅವನ್ನು ಬೇರೆ ಮಾಡುವ ಗಣಿತ ಇದೆ. ಅದಕ್ಕೆ ಬೇಕಾದದ್ದು ಒಂದೇ. ಅವೇ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತ ಹಲವು ಮಾದರಿಗಳು. ಒಂದೇ ಕೈ ಮಾಡಿದ ಹತ್ತು ದಿನದ ಸಾರನ್ನು ರುಚಿ ನೋಡಿದವರು, ಒಂದು ದಿನ ಇಂಗು ಹೆಚ್ಚಾಗಿ ಇನ್ನೊಂದು ದಿನ ಮೆಣಸು ಹೆಚ್ಚಾಗಿ ಇರುವುದನ್ನು ನೋಡಿ ನೋಡಿ, ಇಂಗಿನ ರುಚಿ ಇದು, ಮೆಣಸಿನದು ಇದು ಎಂದು ಬೇರೆ ಮಾಡಬಲ್ಲರು. ಒಂದೇ ದಿನದ ಸಾರು ಕೊಟ್ಟರೆ ಅದು ಬರೀ ಸಾರು. ಹತ್ತು ದಿನದ ಸಾರನ್ನು ಒಂದೇ ಪಾತ್ರೆಗೆ ಸುರಿದು ಕೊಟ್ಟರೂ ಅಷ್ಟೇ.

ಬಾಬಾಯಿ ಮಂಡಿನೋವಿಗೆ ಒಂದು ಪುಡಿ ತಿನ್ನುತ್ತಿದ್ದರು. ವಿಜಯವಾಡದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕೂರುವ ಒಬ್ಬ ಮುದುಕರು ಕೊಡುತ್ತಿದ್ದರು. ತಿಂಗಳಿಗೆ ಮೂವತ್ತು ಪೊಟ್ಟಣ, ಪೇಪರಿನಲ್ಲಿ ಮಡಿಚಿದ್ದು. ತಿಂದ ವಾರದಲ್ಲೇ ಮಂಡಿ ಹಗುರವಾಯಿತೆಂದು ಬಾಬಾಯಿ ಮಹಡಿ ಮೆಟ್ಟಿಲು ಹತ್ತಿ ತೋರಿಸಿದ್ದರು. ನಾನು ಬೇಡ ಎಂದು ಎರಡು ಸಲ ಹೇಳಿದೆ. "ನಿನ್ನ ಮಾತ್ರೆ ಕಂಪನಿಗೆ ನಷ್ಟ ಅಂತ ಹೊಟ್ಟೆಕಿಚ್ಚು" ಎಂದು ನಕ್ಕರು. ಮೂರನೆಯ ಸಲ ಹೇಳಲಿಲ್ಲ.

ನೋವು ಇಲ್ಲದ ದಿನ ತಿನ್ನುತ್ತಿರಲಿಲ್ಲ. ಹಾಗಾಗಿ ಪ್ರತಿ ತಿಂಗಳೂ ನಾಲ್ಕೈದು ಪೊಟ್ಟಣ ಉಳಿಯುತ್ತಿದ್ದವು. ಚಿಕ್ಕಮ್ಮ ಯಾವುದನ್ನೂ ಎಸೆಯುವವಳಲ್ಲ. ಉಳಿದವನ್ನು ದಾರದಲ್ಲಿ ಕಟ್ಟಿ, ಮೇಲೆ ಪೆನ್ನಿನಿಂದ ತಿಂಗಳ ಹೆಸರು ಬರೆದು, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಡುತ್ತಿದ್ದಳು. ನಾನು ಆ ಡಬ್ಬವನ್ನು ಕಣ್ಣಾರೆ ನೋಡಿದ್ದೆ. ಕಟ್ಟುಗಳು ಸಾಲಾಗಿ, ಹಳೆಯದು ಕೆಳಗೆ, ಹೊಸದು ಮೇಲೆ. ನಮ್ಮ ಕಾರ್ಖಾನೆಯಲ್ಲೂ ಮಾದರಿಗಳನ್ನು ಇಷ್ಟು ಚೆಂದ ಇಡುವುದಿಲ್ಲ ಎಂದುಕೊಂಡಿದ್ದೆ.

ಹದಿನಾಲ್ಕನೆಯ ತಿಂಗಳಲ್ಲಿ ಬಾಬಾಯಿಗೆ ಕಾಮಾಲೆಯಾಯಿತು.

ಚಿಕ್ಕಮ್ಮನ ಫೋನ್ ಬಂದಾಗ ನಾನು ಕಂಪನಿ ಬಸ್ಸಿನಲ್ಲಿದ್ದೆ. ವಿಶಾಖಪಟ್ಟಣದಲ್ಲಿ ನಾನಿದ್ದ ಮಧುರವಾಡದಿಂದ ಅಚ್ಯುತಾಪುರಂಗೆ ಎರಡು ಗಂಟೆ ದಾರಿ. ಬೆಳಗಿನ ಬಸ್ಸು ತುಂಬಿತ್ತು, ಮುಂದೆ ಹಿಂದೆ ನಮ್ಮ ವಿಭಾಗದವರೇ. ಬಾಬಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಲಿವರ್ ಕೆಟ್ಟಿದೆಯಂತೆ, ಪುಡಿಯಲ್ಲಿ ಏನಿತ್ತು ಎಂದು ಡಾಕ್ಟರಮ್ಮ ಕೇಳುತ್ತಿದ್ದಾರೆ ಎಂದಳು. ಮುದುಕರ ಬಳಿ ಹೋದರೆ ಬರೀ ಬೇರು ಸೊಪ್ಪು ಎಂದು ಆಣೆ ಹಾಕಿದರಂತೆ. ಮಾರನೆಯ ದಿನದಿಂದ ಅಂಗಡಿಗೆ ಬೀಗ.

"ನೀನು ನೋಡಿ ಹೇಳ್ತೀಯಾ? ನಿಂಗೆ ಗೊತ್ತಾಗುತ್ತಲ್ಲ?"

ಪಕ್ಕದಲ್ಲಿ ಕೂತವರು ಕಿವಿಯಿಂದ ಇಯರ್‌ಫೋನ್ ತೆಗೆದಿದ್ದರು. ಮನೆಯ ಮಾತನ್ನು ಪರರ ಮುಂದೆ ಆಡುವುದು ನನಗೆ ಎಂದೂ ಆಗದು. ದನಿ ತಗ್ಗಿಸಿ, "ಉಳಿದ ಪುಡಿ ಎಲ್ಲಾ ತೆಗೆದಿಟ್ಟಿರು ಚಿಕ್ಕಮ್ಮ. ನಾಳೆ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟೆ. ಇದ್ದ ಹಾಗೇ ಇಡು ಎಂಬ ಮೂರು ಮಾತು ಸೇರಿಸಿದ್ದರೆ ಸಾಕಿತ್ತು. ಹೇಳಬೇಕಾಗುತ್ತದೆ ಎಂದು ಹೊಳೆಯಲೇ ಇಲ್ಲ. ಕಟ್ಟಿ, ಹೆಸರು ಬರೆದು, ಜೋಡಿಸಿಟ್ಟವಳು ಅವಳೇ ತಾನೇ.

ಮಾರನೆಯ ದಿನ ಮಧ್ಯಾಹ್ನ ವಿಜಯವಾಡದ ಆಸ್ಪತ್ರೆ ತಲುಪಿದೆ. ಬಾಬಾಯಿಯ ಕಣ್ಣು, ಅಂಗೈ, ಉಗುರಿನ ಬುಡ ಎಲ್ಲ ಹಳದಿ. ನನ್ನನ್ನು ನೋಡಿ, "ನೋಡು, ಮದುವೆಗೆ ಅರಿಶಿನ ಹಚ್ಚಿ ಕೂರಿಸಿದ್ದಾರೆ. ಹೆಣ್ಣು ಮಾತ್ರ ಹಳೇದೇ" ಎಂದರು. ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ನಾವು ಮೂವರೂ ನಕ್ಕೆವು. ಅವರು ನಕ್ಕದ್ದಕ್ಕೇ ಸುಸ್ತಾಗಿ ಕಣ್ಣು ಮುಚ್ಚಿದರು.

ಡಾಕ್ಟರು ಹೆಚ್ಚು ಮಾತಿನವರಲ್ಲ. ಬಾಗಿಲ ಬಳಿ ನಿಂತೇ ಹೇಳಿದರು. ಒಂದು ವರ್ಷ ಇವರು ಈ ಪುಡಿ ತಿಂದಿದ್ದಾರೆ, ಏನೂ ಆಗಿಲ್ಲ. ಕೊನೆಯ ಆರು ವಾರದಲ್ಲಿ ಹೀಗಾಗಿದೆ. ಅಂದರೆ ಇತ್ತೀಚಿನ ಪೊಟ್ಟಣಗಳಲ್ಲಿ ಏನೋ ಹೊಸದು ಸೇರಿರಬೇಕು. ಅದು ಔಷಧಿ ಅಂಗಡಿಯ ನೋವಿನ ಮಾತ್ರೆಯಾದರೆ ಒಂದು ಮದ್ದು, ಲೋಹವಾದರೆ ಇನ್ನೊಂದು, ಯಾವುದೋ ಗಿಡವಾದರೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. "ಪುಡಿಯಲ್ಲಿ ಏನೇನಿದೆ ಅನ್ನೋದು ನನಗೆ ಬೇಡ. ಹೊಸದಾಗಿ ಏನು ಬಂತು ಅನ್ನೋದು ಹೇಳಿ. ನಿಮಗೆ ಆಗುತ್ತಾ?"

"ಆಗುತ್ತೆ" ಎಂದೆ. ಹದಿನಾಲ್ಕು ಕಟ್ಟುಗಳು, ಪ್ರತಿಯೊಂದರ ಮೇಲೂ ತಿಂಗಳ ಹೆಸರು. ನನ್ನ ನಾಲ್ಕು ವರ್ಷದ ಸಂಶೋಧನೆಗೆ ಇಷ್ಟು ಒಳ್ಳೆಯ ಮಾದರಿಗಳು ಒಂದು ದಿನವೂ ಸಿಕ್ಕಿರಲಿಲ್ಲ. ಅಷ್ಟು ಧೈರ್ಯದಿಂದ ನಾನು ಯಾರಿಗೂ ಆಗುತ್ತೆ ಎಂದದ್ದಿಲ್ಲ.

ಚಿಕ್ಕಮ್ಮ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಮುಚ್ಚಳದ ಸುತ್ತ ಬಟ್ಟೆ ಕಟ್ಟಿದ್ದಳು.

"ಹದಿನಾಲ್ಕು ತಿಂಗಳಿಂದೂ ಐತೆ. ಒಂದು ಪೊಟ್ಟಣನೂ ಬಿಟ್ಟಿಲ್ಲ. ಎಲ್ಲಾ ಬಿಚ್ಚಿ ಒಟ್ಟಿಗೆ ಹಾಕಿ, ಮಿಕ್ಸೀಲಿ ನುಣ್ಣಗೆ ಮಾಡಿ, ಜರಡಿ ಹಿಡಿದು, ಕೈಯಲ್ಲಿ ಚೆನ್ನಾಗಿ ಬೆರೆಸಿದೀನಿ. ಎಲ್ಲಿಂದ ಚೂರು ತೆಗೆದ್ರೂ ಒಂದೇ ಇರುತ್ತೆ. ನೀನೇ ಹೇಳಿದ್ದೆಯಲ್ಲ, ಬೆರೆಸೋದೇ ಮುಖ್ಯ ಅಂತ."

ನಾನು ಮುಚ್ಚಳ ತೆಗೆದೆ. ಬೂದು ಮಿಶ್ರಿತ ಹಳದಿ, ತುಂಬ ನುಣ್ಣನೆ. ಒಂದೂ ಗಂಟಿರಲಿಲ್ಲ.

"ಪೊಟ್ಟಣದ ಕಾಗದ ಎಲ್ಲಿ ಚಿಕ್ಕಮ್ಮ?" ಕಾಗದದ ಮಡಿಕೆಗಳಲ್ಲಿ ಆಯಾ ತಿಂಗಳ ಪುಡಿ ಚೂರಾದರೂ ಅಂಟಿಕೊಂಡಿರುತ್ತದೆ ಎಂದು ಮನಸ್ಸು ಅಷ್ಟರಲ್ಲೇ ಓಡಿತ್ತು.

"ಅದ್ಯಾಕೆ? ಬೆಳಿಗ್ಗೆ ಕಸದ ಗಾಡಿಗೆ ಹಾಕಿ ಬಂದೆ." ನನ್ನ ಮುಖ ನೋಡಿ, "ಯಾಕೇ? ಬೇಕಿತ್ತಾ?"

"ಇಲ್ಲ" ಎಂದೆ. "ಸುಮ್ಮನೆ ಕೇಳಿದೆ."

ಅವಳ ಬೆರಳ ತುದಿಗಳಲ್ಲಿ ಇನ್ನೂ ಆ ಪುಡಿಯ ಬಣ್ಣವಿತ್ತು.

ಅಂದೇ ಸಂಜೆಯ ರೈಲಿಗೆ ವಾಪಸಾದೆ. ಕಾರ್ಖಾನೆಯಲ್ಲಿ ನಮ್ಮ ಯಂತ್ರಗಳಿಗೆ ಹೊರಗಿನ ಒಂದು ಹನಿ ಹಾಕಿದರೂ ಅದು ದಾಖಲಾಗುತ್ತದೆ, ಅಳಿಸಲಾಗದು. ಆದರೂ ಮ್ಯಾನೇಜರನ್ನು ಕೇಳಿದೆ. "ನೀವು ಕೇಳಲಿಲ್ಲ, ನಾನು ಕೇಳಿಸಿಕೊಳ್ಳಲಿಲ್ಲ" ಎಂದು ಅವರು ಫೈಲಿಗೆ ತಲೆ ಬಗ್ಗಿಸಿದರು. ಕೆಟ್ಟವರಲ್ಲ; ಮೂರು ದಿನ ರಜೆ ಕೇಳಿದಾಗ ಕಾರಣ ಓದದೆ ಸಹಿ ಹಾಕಿದರು. ಖಾಸಗಿ ಲ್ಯಾಬೊಂದಕ್ಕೆ ಫೋನ್ ಮಾಡಿದರೆ, "ಏನನ್ನು ಹುಡುಕಬೇಕು ಹೇಳಿ ಮೇಡಂ, ಹುಡುಕಿ ಕೊಡ್ತೀವಿ" ಎಂದರು. ಅದು ಗೊತ್ತಿದ್ದರೆ ಅವರಿಗೇಕೆ ಫೋನ್ ಮಾಡುತ್ತಿದ್ದೆ? ಲೋಹದ ಪರೀಕ್ಷೆಗೆ ಮಾತ್ರ ಒಂದು ಚೂರು ಕಳಿಸಿ, ವಿಶ್ವವಿದ್ಯಾಲಯದ ನನ್ನ ಹಳೆಯ ವಿಭಾಗಕ್ಕೆ ಹೋದೆ.

ನನ್ನ ಗೈಡ್ ನಿವೃತ್ತಿಯ ಅಂಚಿನಲ್ಲಿದ್ದರು. ಅಣುಗಳನ್ನು ತೂಗಿ ಗುರುತಿಸುವ ದೊಡ್ಡ ಯಂತ್ರ ಪಂಪು ಕೆಟ್ಟು ತಿಂಗಳುಗಟ್ಟಲೆ ಮಲಗಿತ್ತು. ಬೆಳಕು ಹಾಯಿಸಿ ನೋಡುವ ಹಳೆಯ ಯಂತ್ರ ಇತ್ತು.

"ಅದೇ ಸಾಕಲ್ಲಮ್ಮಾ ನಿನಗೆ. ಎಷ್ಟು ಮಾದರಿ ಇವೆ?"

"ಒಂದು, ಸರ್."

"ಮೊನ್ನೆ ಫೋನಿನಲ್ಲಿ ಹದಿನಾಲ್ಕು ಅಂದೆ?"

"ಬೆರೆತುಹೋಗಿದೆ ಸರ್."

ಅವರು ಡಬ್ಬಿಯೊಳಗೆ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಆಮೇಲೆ, "ಟೀ ತರಿಸಲಾ?" ಎಂದರು.

ಮೂರು ದಿನ ಮಾಡಬಹುದಾದ್ದನ್ನೆಲ್ಲ ಮಾಡಿದೆ. ಒಂದೇ ಪುಡಿಯನ್ನು ನೀರಿನಲ್ಲಿ, ಆಲ್ಕೊಹಾಲಿನಲ್ಲಿ, ಆಮ್ಲದಲ್ಲಿ, ಕ್ಷಾರದಲ್ಲಿ ಕರಗಿಸಿದರೆ ಒಂದೊಂದರಲ್ಲಿ ಒಂದೊಂದು ವಸ್ತು ಹೆಚ್ಚು ಕರಗುತ್ತದೆ. ಹೀಗೆ ಕೃತಕವಾಗಿ ವ್ಯತ್ಯಾಸ ಹುಟ್ಟಿಸಬಹುದು. ಒಂಬತ್ತು ದ್ರಾವಣ ಮಾಡಿ, ಒಂಬತ್ತು ಗೆರೆಗಳನ್ನು ಪ್ರೋಗ್ರಾಮಿಗೆ ಕೊಟ್ಟೆ.

ಪ್ರೋಗ್ರಾಮ್ ಮೊದಲು ನಮ್ಮನ್ನೇ ಕೇಳುತ್ತದೆ, ಎಷ್ಟು ವಸ್ತುಗಳಾಗಿ ಬಿಡಿಸಲಿ ಎಂದು. ಮೂರು ಎಂದೆ, ಮೂರು ಕೊಟ್ಟಿತು. ಐದು ಎಂದೆ, ಐದು ಕೊಟ್ಟಿತು. ಎರಡಕ್ಕೂ ಲೆಕ್ಕ ಸರಿಹೋಗುತ್ತಿತ್ತು. ನಾಲ್ಕು ಎಂದಾಗ ಬಂದ ಗೆರೆಗಳಲ್ಲಿ ಒಂದು ನೋವಿನ ಮಾತ್ರೆಯೊಂದರ ಗೆರೆಯಂತೆ ಕಂಡಿತು, ಆದರೆ ಏರು ಇಳಿಯುವ ಭುಜದ ಹತ್ತಿರ ಸ್ವಲ್ಪ ಬೇರೆ. ಇನ್ನೆರಡು ಒಂದರೊಳಗೊಂದು ಹೆಣೆದುಕೊಂಡಿದ್ದವು. ಇದರ ಚೂರನ್ನು ಅದಕ್ಕೆ ಸೇರಿಸಿದರೂ, ಅದರದನ್ನು ಇದಕ್ಕೆ ಸೇರಿಸಿದರೂ ಮೊತ್ತ ಅದೇ. ಹಾಗಾಗಿ ಅವು ಏನು ಬೇಕಾದರೂ ಆಗಿರಬಹುದಿತ್ತು.

ನಾಲ್ಕನೆಯದು ಮಾತ್ರ ನಿರ್ಮಲವಾಗಿ ಬಂತು. ಪುಸ್ತಕದಲ್ಲಿ ಅಚ್ಚು ಹಾಕಬಹುದಾದಂಥ ದುಂಡನೆಯ ಒಂದೇ ಏರು. ಒಂದು ಕ್ಷಣ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹೋಲಿಸಿ ನೋಡಿದೆ. ಅರಿಶಿನ.

ಮುದುಕರು ಹಾಕಿದ್ದೋ, ಚಿಕ್ಕಮ್ಮನ ಮಿಕ್ಸಿ ಜಾರಿನಲ್ಲಿ ಉಳಿದಿದ್ದದ್ದೋ, ಅದೂ ಗೊತ್ತಾಗುವ ಹಾಗಿರಲಿಲ್ಲ.

ಈ ಯಾವುದೂ ಡಾಕ್ಟರ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಅವರು ಕೇಳಿದ್ದು ಹಳೆಯ ತಿಂಗಳಿಗೂ ಹೊಸ ತಿಂಗಳಿಗೂ ಇರುವ ವ್ಯತ್ಯಾಸ. ಡಬ್ಬಿಯಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಕೊನೆಯ ಆರು ವಾರದ ಹೊಸ ವಸ್ತು ಯಾವುದೇ ಆಗಿದ್ದರೂ, ಹಿಂದಿನ ತಿಂಗಳುಗಳ ಪುಡಿಯಲ್ಲಿ ತೆಳುವಾಗಿ ಹರಡಿ, ಯಂತ್ರದ ಸ್ವಂತ ನಡುಕದಷ್ಟೇ ಸಣ್ಣದಾಗಿತ್ತು. ಗೊತ್ತಿದ್ದೂ ಮೂರು ದಿನ ಕೂತೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ.

"ನೋವಿನ ಮಾತ್ರೆ ಒಂದು ಇರಬಹುದು. ಖಚಿತವಿಲ್ಲ. ಅರಿಶಿನ ಇದೆ."

"ಅರಿಶಿನ ನಮ್ಮನೇಲೂ ಇದೆಯಮ್ಮ" ಎಂದರು. ಆಮೇಲೆ ಸ್ವಲ್ಪ ಮೆತ್ತಗೆ, "ಇರಬಹುದು ಅಂತ ಅಂದಾಜು ಮಾಡಿ ಆ ಮದ್ದು ಆಗಲೇ ಶುರು ಮಾಡಿದೀನಿ. ಹೊಸದೇನು, ಅದು ಗೊತ್ತಾಯ್ತಾ?"

"ಇಲ್ಲ. ಮಾದರಿಗಳು ಬೆರೆತುಬಿಟ್ಟಿವೆ."

"ಯಾರು ಬೆರೆಸಿದ್ದು?"

"ನಾವೇ."

ಲೋಹದ ವರದಿ ಆಮೇಲೆ ಬಂತು, ಹೇಳುವಂಥದ್ದೇನೂ ಇರಲಿಲ್ಲ.

ಬಾಬಾಯಿ ಇನ್ನೂ ಹತ್ತೊಂಬತ್ತು ದಿನ ಇದ್ದರು. ಒಂದು ವಾರ ಸುಧಾರಿಸಿದಂತೆ ಕಂಡು ಮನೆಗೂ ಕರೆತಂದಿದ್ದರು. ಫೋನಿನಲ್ಲಿ ನನಗೆ, "ಮಂಡಿ ಮತ್ತೆ ಶುರುವಾಯ್ತಮ್ಮಾ. ಅಂಥ ಪುಡಿ ನಿನ್ನ ಕಂಪನೀಲಿ ಮಾಡೋಕಾಗಲ್ಲ ಬಿಡು" ಎಂದರು. ಅದೇ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ಗೊತ್ತಾಗಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಫೋನಿನಲ್ಲಿ ನಾನು ಅವರಿಗೆ ಹೇಳಿದ್ದೂ ಹೆಚ್ಚುಕಡಿಮೆ ಅದೇ ಮಾತು.

ಅವರು ತೀರಿಕೊಂಡ ಹನ್ನೊಂದನೆಯ ದಿನ ಮನೆ ತುಂಬ ಜನ. ಚಾವಣಿಯ ಮೇಲೆ ಶಾಮಿಯಾನದಡಿ ಊಟ. ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು. ಕಟ್ಟೆಯ ಮುಂದೆ ಒಂದು ಬಸ್ಸು ಗೇರು ಕಿರುಚಿಸಿಕೊಂಡು ಹೋಯಿತು, ಬೈಯುವವರಿರಲಿಲ್ಲ. ಚಿಕ್ಕಮ್ಮ ಬಂದವರಿಗೆಲ್ಲ ತೆಲುಗಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು. ನಮ್ಮ ಹುಡುಗಿ ಎಷ್ಟು ಒದ್ದಾಡಿದಳು, ಹೇಗೆ ಕೊಡಬೇಕೋ ಹಾಗೇ ನಾನೂ ಪುಡಿ ಮಾಡಿ ಬೆರೆಸಿ ಕೊಟ್ಟೆ, ಆದರೂ ಒಳಗೇನಿತ್ತೆಂದು ಸಿಗಲಿಲ್ಲ, ಅಂಥ ಮೋಸದ ಪುಡಿ ಎಂದು. ಎದುರು ಮನೆಯಾಕೆ ನನ್ನ ಕಡೆ ತಿರುಗಿ, ಹೌದೇ ಎಂದು ಕೇಳಿದರು. ಹೌದು ಎಂದೆ.

ಎಲ್ಲ ಹೋದ ಮೇಲೆ ಚಿಕ್ಕಮ್ಮ ಪಾತ್ರೆ ಜೋಡಿಸುತ್ತ ಕೇಳಿದಳು. "ಆ ಡಬ್ಬಿ ತಂದ್ಯೇನೇ? ಮೂರರ ಸೆಟ್ಟು ಅದು. ನಡುವಿಂದು ಇಲ್ದೆ ದೊಡ್ಡದೂ ಸಣ್ಣದೂ ಒಂದರೊಳಗೊಂದು ಸರಿಯಾಗಿ ಕೂರಲ್ಲ."

ತಂದಿರಲಿಲ್ಲ. ಪುಡಿಯನ್ನು ಚೆಲ್ಲಲು ನನಗೆ ಕೈ ಬಂದಿರಲಿಲ್ಲ. ಮುಂದಿನ ಸಲ ಹೋಗುವಾಗ ಅಷ್ಟೇ ಅಳತೆಯ ಹೊಸ ಡಬ್ಬಿ ಒಂದನ್ನು ಕೊಂಡು ಒಯ್ದೆ. ಅವಳು ಕೈಗೆ ತೆಗೆದುಕೊಂಡ ತಕ್ಷಣ, "ಇದು ನಮ್ಮದಲ್ಲ" ಎಂದಳು. ಮುಚ್ಚಳ ಒತ್ತಿ ನೋಡಿದಳು. ಎರಡು ಸಲ ಒತ್ತಿದಳು.

"ಪುಡಿ ಇನ್ನೂ ಐತಾ ಅದರಲ್ಲಿ?"

"ಇದೆ."

"ಇರ್ಲಿ, ಚೆಲ್ಲಬೇಡ. ಮುಂದೆ ಯಾವತ್ತಾದ್ರೂ ಹೊಸ ಮಿಷನ್ನು ಬರುತ್ತೆ, ಗೊತ್ತಾಗುತ್ತೆ." ನನ್ನ ಮುಖವನ್ನೇ ನೋಡುತ್ತಿದ್ದಳು. "ಬೆರೆಸಿದ್ದು ಸರಿಯಾಗಿತ್ತು ತಾನೇ? ಅದರಲ್ಲೇನೂ ತಪ್ಪಾಗಿರಲಿಲ್ಲ ಅಲ್ವಾ?"

"ಬಹಳ ಚೆನ್ನಾಗಿತ್ತು ಚಿಕ್ಕಮ್ಮ. ಎಲ್ಲಿಂದ ತೆಗೆದರೂ ಒಂದೇ ಇತ್ತು" ಎಂದೆ.

ಅದು ನಿಜವೇ ಆಗಿತ್ತು. ಅವಳು ತಲೆಯಾಡಿಸಿ, ಹೊಸ ಡಬ್ಬಿಯನ್ನು ತೊಳೆಯಲು ತೆಗೆದುಕೊಂಡು ಹೋದಳು.